ಆದವಾನಿ ಮೆಡಿಕಲ್ ಕಾಲೇಜು: ಪಾಠ ಹೇಳುವವರು ಎಲ್ಲಿಂದ ಬರಬೇಕು?

ಆಂಧ್ರ ಸರ್ಕಾರ ಹಮ್ಮಿಕೊಂಡ 17 ಹೊಸ ಮೆಡಿಕಲ್ ಕಾಲೇಜುಗಳಲ್ಲಿ ಐದು 2023ರಲ್ಲಿ ಬಾಗಿಲು ತೆರೆದವು. ನಮ್ಮ ಆದವಾನಿಯದು, ಮಡಕಶಿರಾ ಮಂದಿಗೆ ಹತ್ತಿರವಾಗುವ ಪೆನುಕೊಂಡದ್ದು ಹಿಂದೆ ಬಿದ್ದವು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಇವೆರಡೂ ಸೇರಿ ಹತ್ತು ಕಾಲೇಜುಗಳನ್ನು ಖಾಸಗಿಯವರ ಸಹಭಾಗಿತ್ವದಲ್ಲಿ ನಡೆಸಲು ಒಪ್ಪಿತು. ಕೆಲಸ ಬೇಗ ಆಗ್ತದೆ ಅಂತ ಆಳುವವರು, ಸರ್ಕಾರದ ಆಸ್ತಿ ಕೈಬಿಟ್ಟಂಗಾಯ್ತು ಅಂತ ವಿರೋಧ ಪಕ್ಷದವರು. ಇಬ್ಬರ ಜಗಳವೂ ಕಟ್ಟಡ, ಸೀಟು, ಫೀಸಿನ ಸುತ್ತಲೇ. ಪಾಠ ಹೇಳುವ ಡಾಕ್ಟರುಗಳ ಮಾತು ಮಾತ್ರ ಕಡಿಮೆ.

ರೈತನಿಗೆ ಈ ಪಂಚಾಯ್ತಿ ಯಾಕೆ ಅನ್ನಬೇಡಿ. ಮೆಡಿಕಲ್ ಕಾಲೇಜಿನಲ್ಲಿ ಬೆಳಿಗ್ಗೆ ಪಾಠ ಹೇಳುವವರೇ ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿಯುವವರು. ಹೆರಿಗೆ ಕಷ್ಟವಾದರೆ ಇವತ್ತಿಗೂ ಹೊಳಗುಂದ ಕಡೆಯವರು ಬಳ್ಳಾರಿಗೋ ಕರ್ನೂಲಿಗೋ ಗಾಡಿ ಮಾಡಿಕೊಂಡು ಓಡುತ್ತಾರೆ. 1953ರ ತನಕ ಆದವಾನಿ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ.

ಲೆಕ್ಕ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ ವರ್ಷಕ್ಕೆ 100 ಸೀಟಿನ ಕಾಲೇಜಿಗೆ 420 ಹಾಸಿಗೆಯ ಆಸ್ಪತ್ರೆ, 85 ಮಂದಿ ಅಧ್ಯಾಪಕರು ಬೇಕು. ಎಂಬಿಬಿಎಸ್ ಒಂದರಿಂದ ಇವರಾಗಲು ಬರುವುದಿಲ್ಲ. ಎಂಡಿ ಇಲ್ಲವೆ ಎಂಎಸ್ ಮುಗಿಸಿ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದರೆ ಅಸಿಸ್ಟೆಂಟ್ ಪ್ರೊಫೆಸರ್. ಅಲ್ಲಿ ನಾಲ್ಕು ವರ್ಷ ಕಳೆದು, ಸಂಶೋಧನಾ ಲೇಖನ ಅಚ್ಚಾದರೆ ಅಸೋಸಿಯೇಟ್. ಮತ್ತೆ ಮೂರು ವರ್ಷ, ಮತ್ತಷ್ಟು ಲೇಖನ, ಆಮೇಲೆ ಪ್ರೊಫೆಸರ್. ತೆಂಗು ಫಲ ಕೊಡುವುದಕ್ಕಿಂತ ನಿಧಾನ.

ಹೀಗೆ ಪಳಗಿದವರಿಗೆ ಗಿರಾಕಿ ಬಹಳ. ಕರ್ನಾಟಕವೇ 2022ರಲ್ಲಿ ಯಾದಗಿರಿ, ಹಾವೇರಿಗಳಲ್ಲಿ, 2023ರಲ್ಲಿ ಚಿತ್ರದುರ್ಗದಲ್ಲಿ ಸರ್ಕಾರಿ ಕಾಲೇಜು ತೆರೆಯಿತು. ಕಣ್ಣಿನ ಡಾಕ್ಟರು, ಹೆರಿಗೆ ಡಾಕ್ಟರು ಹೊರಗೆ ನರ್ಸಿಂಗ್ ಹೋಂ ಇಟ್ಟರೆ ಕೈತುಂಬ ಸಂಪಾದನೆ. ಅಂಗರಚನೆ, ಔಷಧಶಾಸ್ತ್ರದ ಮೇಷ್ಟ್ರುಗಳಿಗೆ ಆ ದಾರಿಯಿಲ್ಲ, ಸಂಬಳವೇ ಗತಿ. ಅಂಥವರು ಮಕ್ಕಳ ಸ್ಕೂಲು, ಹೆಂಡತಿಯ ನೌಕರಿ ಎಲ್ಲ ನೋಡಿ ದೊಡ್ಡ ಊರಲ್ಲೇ ನಿಲ್ಲುತ್ತಾರೆ. ತಪ್ಪು ಅವರದಲ್ಲ. ಕಾಂಟ್ರಾಕ್ಟ್ ಮೇಲೆ, ವರ್ಷವರ್ಷ ರಿನ್ಯೂವಲ್ ಅಂದರೆ ನಮ್ಮೂರಿಗೆ ಯಾರು ಬಂದಾರು?

ಜನ ಸಿಗದಾಗ ಕಾಗದದ ಮೇಲೆ ಜನ ಹುಟ್ಟುತ್ತಾರೆ. ತಪಾಸಣೆ ದಿನ ಬಂದು ಸಹಿ ಹಾಕಿ ಹೋಗುವ ಮೇಷ್ಟ್ರುಗಳ ಹಾವಳಿ ಹಳೆಯದು. ಇದಕ್ಕೇ ಆಯೋಗ 2025ರ ಮೇ 1ರಿಂದ ಮುಖ ನೋಡಿ ಹಾಜರಿ ಹಾಕುವ ಆಧಾರ್ ಪದ್ಧತಿ ತಂದಿತು. ಆದರೂ ಅದೇ ಜುಲೈಯಲ್ಲಿ ಲಂಚದ ಆರೋಪದ ಮೇಲೆ ತಪಾಸಣೆಯ ವೈದ್ಯರನ್ನೇ ಸಿಬಿಐ ಬಂಧಿಸಿತು. ರೊಕ್ಕ ಕೈ ಬದಲಾದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಆರೋಪ.

ಅದೇ ತಿಂಗಳು ಆಯೋಗ ಇನ್ನೊಂದು ಬಾಗಿಲು ತೆರೆಯಿತು. 220 ಹಾಸಿಗೆಗೆ ಕಡಿಮೆಯಿಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ತಜ್ಞರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಎರಡು ವರ್ಷದವರು ಅಸಿಸ್ಟೆಂಟ್ ಆಗಬಹುದು, ಸಂಶೋಧನೆಯ ಒಂದು ಕೋರ್ಸು ಮುಗಿಸಬೇಕು. ಊರ ಡಾಕ್ಟರೇ ಮೇಷ್ಟ್ರಾಗುವುದು ನನಗೆ ಒಳ್ಳೆಯದೆಂದೇ ಕಾಣುತ್ತದೆ, ನಮ್ಮ ಕನ್ನಡ ತೆಲುಗು ಕಲಬೆರಕೆ ಮಾತೂ ಅವರಿಗೆ ಅರ್ಥವಾದೀತು. ಆದರೆ ಆಸ್ಪತ್ರೆಯ ಕೆಲಸ ಹಾಗೇ ಇಟ್ಟು ಪಾಠದ ಹೊರೆ ಮೇಲೆ ಹೇರಿದರೆ ಎರಡೂ ಕೆಡುತ್ತವೆ.

ಈ ಕಾಲೇಜುಗಳನ್ನು ಖಾಸಗಿಯವರಿಗೆ 33 ವರ್ಷಕ್ಕೆ ವಹಿಸುವ ಯೋಜನೆ. ಸರ್ಕಾರ ಜಾಗ ಕೊಟ್ಟು ಒಪ್ಪಂದ ಬರೆಯುವಾಗ ಅಧ್ಯಾಪಕರ ಸಂಬಳ ಸರ್ಕಾರಿ ಕಾಲೇಜಿನದಕ್ಕಿಂತ ಕಡಿಮೆ ಇರಬಾರದು, ತಿಂಗಳ ಮೊದಲ ವಾರದಲ್ಲೇ ಬಟವಾಡೆ ಆಗಬೇಕು, ಕ್ಯಾಂಪಸ್ಸಿನಲ್ಲೇ ಮನೆ ಕೊಡಬೇಕು ಅಂತ ಕಲಮು ಸೇರಿಸಲು ಏನು ಅಡ್ಡಿ? ಡ್ಯೂಟಿಯಲ್ಲಿರುವ ಡಾಕ್ಟರುಗಳ ಹೆಸರು ದಿನಾ ಗೇಟಿನ ಬೋರ್ಡಿನ ಮೇಲೆ, ಕನ್ನಡದಲ್ಲೂ ಬರೆಯಲಿ. ಹೊಳಗುಂದದಿಂದ ಬಂದ ಗಾಡಿಯವನು ಅದನ್ನು ಓದಿ ಒಳಗೆ ಹೋಗಬೇಕೋ, ಬಳ್ಳಾರಿಗೆ ತಿರುಗಿಸಬೇಕೋ ಗೇಟಲ್ಲೇ ತಿಳಿದುಕೊಳ್ಳುತ್ತಾನೆ.