ಹಿಪ್ಪಿಗಳ ಚರಿತ್ರೆಯಲ್ಲಿ ಊರವರೆಲ್ಲಿ?

ಗೋವೆಯ ಅಂಜುನಾ ಗ್ರಾಮವನ್ನು ಹಿಪ್ಪಿಗಳು ‘ಕಂಡುಹಿಡಿದರು’ ಎಂದು ಬರೆಯುವುದು ಇತ್ತೀಚೆಗೆ ರೂಢಿಯಾಗಿಬಿಟ್ಟಿದೆ. ಈ ಮಾತನ್ನು ಗೋವೆಯ ಕನ್ನಡಿಗರಾದ ನಾವು ಒಪ್ಪಬೇಕಾಗಿಲ್ಲ.

1961ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರಿಂದ ಮುಕ್ತವಾಯಿತು. ಆ ದಶಕದ ಉತ್ತರಾರ್ಧದಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್‌ಗಳ ಭೂಮಾರ್ಗವಾಗಿ ಪಾಶ್ಚಾತ್ಯ ತರುಣರು ಇತ್ತ ಬರತೊಡಗಿದರು. ವಿಯೆಟ್ನಾಂ ಯುದ್ಧಕ್ಕೂ ಭೋಗಪ್ರಧಾನ ಬದುಕಿಗೂ ಬೆನ್ನು ತಿರುಗಿಸಿದವರು ಅವರಲ್ಲಿ ಅನೇಕರು. ಅವರ ಪ್ರಶ್ನೆಯ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾಗದು. ಆದರೆ ಆ ಕಡಲತೀರ ಬರಿದಾಗಿರಲಿಲ್ಲ. ಬಲೆ ಬೀಸುವ ಬೆಸ್ತರು, ಕಳ್ಳು ಇಳಿಸುವ ರೆಂದೇರರು, ಗದ್ದೆ ಉಳುವವರು ತಲೆಮಾರುಗಳಿಂದ ಅಲ್ಲಿದ್ದರು. ಬಂದವರು ತಂಗಿದ್ದು ಅವರ ಮನೆಗಳಲ್ಲಿ. ಉಂಡದ್ದು ಅವರು ಹಿಡಿದ ಮೀನನ್ನು, ಅವರು ಬೆಳೆದ ಅಕ್ಕಿಯನ್ನು. ಬೇಡವೆನಿಸಿದಾಗ ಮರಳಲು ಊರೂ ಪಾಸ್‌ಪೋರ್ಟೂ ಇದ್ದವನ ಬಡತನ ಒಂದು ಆಯ್ಕೆ; ಬೆಸ್ತನ ಬಡತನ ಆಯ್ಕೆಯಲ್ಲ. ಮೊದಲನೆಯದನ್ನು ಅಧ್ಯಾತ್ಮವೆಂದು ಕೊಂಡಾಡಿ, ಎರಡನೆಯದನ್ನು ಹಿನ್ನೆಲೆಯ ಚಿತ್ರವಾಗಿಸುವುದು ಚರಿತ್ರೆಯಲ್ಲ.

ಹಾಗೆಂದು ಹಿಪ್ಪಿ ಸಮುದಾಯಗಳೆಲ್ಲವೂ ಪೊಳ್ಳೆನ್ನಲಾಗದು. ಅಮೆರಿಕದ ಕೊಲರಾಡೋದಲ್ಲಿ 1965ರಲ್ಲಿ ಹುಟ್ಟಿದ ‘ಡ್ರಾಪ್ ಸಿಟಿ’ ದಶಕದೊಳಗೆ ಪಾಳುಬಿದ್ದಿತು, ನಿಜ. ಆದರೆ 1971ರಲ್ಲಿ ಸ್ಟೀಫನ್ ಗ್ಯಾಸ್ಕಿನ್ ಮತ್ತು ಸಂಗಡಿಗರು ಟೆನೆಸಿಯಲ್ಲಿ ನೆಲೆಗೊಳಿಸಿದ ‘ದಿ ಫಾರ್ಮ್’ ಉಳಿಯಿತು. ಅಲ್ಲಿಯವರು ನೆಲ ಉತ್ತರು, ಸೋಯಾ ಬೆಳೆದರು, ಸೂಲಗಿತ್ತಿಯರಾಗಿ ನೆರೆಯವರಿಗೂ ನೆರವಾದರು. ಸಾಲ ಏರಿದಾಗ, 1983ರಲ್ಲಿ, ಸಾಮೂಹಿಕ ಹಣದ ಚೀಲವನ್ನು ಕೈಬಿಟ್ಟು, ಪ್ರತಿಯೊಬ್ಬರೂ ದುಡಿದು ತಮ್ಮ ಪಾಲು ತೆರುವ ನಿಯಮಕ್ಕೆ ಬಂದರು. ಅವರನ್ನು ಉಳಿಸಿದ್ದು ಧ್ಯಾನವೊಂದೇ ಅಲ್ಲ, ದುಡಿಮೆ.

ಇದೇ ಒರೆಗಲ್ಲಿಗೆ ಅಂಜುನಾವನ್ನೂ ತಿಕ್ಕಿ ನೋಡಬೇಕು. ಕೈಯಲ್ಲಿದ್ದುದನ್ನು ಮಾರಿ ದಿನ ನೂಕಲು ಹಿಪ್ಪಿಗಳು 1970ರ ದಶಕದಲ್ಲಿ ಆರಂಭಿಸಿದ ಬುಧವಾರದ ಸಂತೆಯಲ್ಲಿ, ಮುಂದೆ ಕರ್ನಾಟಕದ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕೂರಿಸಿದ ಕಸೂತಿ ಹರಡಿ ಕುಳಿತರು. ಸಂತೆಯನ್ನು ಹೂಡಿದವರ ಹೆಸರುಗಳು ಪುಸ್ತಕಗಳಲ್ಲಿವೆ. ಬಿಸಿಲಲ್ಲಿ ಕುಳಿತು ಅದನ್ನು ನಡೆಸಿಕೊಂಡು ಬಂದ ಈ ತಾಯಂದಿರು ಪ್ರವಾಸಿಗಳ ಛಾಯಾಚಿತ್ರಗಳಲ್ಲಿ ಮಾತ್ರ ಇದ್ದಾರೆ, ಅದೂ ಹೆಸರಿಲ್ಲದೆ.

ಇದಕ್ಕೆ ಪರರನ್ನಷ್ಟೇ ದೂರುವುದು ಸಲ್ಲದು. ಗಡಿಯಾಚೆ ಕನ್ನಡ ಉಳಿಯಬೇಕೆಂದು ವೇದಿಕೆಗಳಲ್ಲಿ ಘೋಷಿಸುವ ನಾವು, ಆ ಸಂತೆಯಲ್ಲಿ ಕನ್ನಡವಾಡುವವರ ಅನುಭವವನ್ನು ಕೇಳಿ ಬರೆದಿಟ್ಟುಕೊಂಡಿದ್ದೇವೆಯೇ? ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ನಮ್ಮ ಸಂಘಗಳು ಸನ್ಮಾನದ ಶಾಲುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ, ಆ ಹಣದಲ್ಲಿ ಇವರ ಬಾಯಿಮಾತನ್ನು ಗ್ರಂಥಸ್ಥಗೊಳಿಸಲಿ.