ಪ್ರಶ್ನೆ ಹಾಕುವ ಸರದಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಸಾಯಂಕಾಲದ ಮನೆಗೆಲಸವು ತೀರಿದ ತರುವಾಯ ತಮ್ಮ ಮೊಬೈಲುಗಳಲ್ಲಿ ಒಂದು ವಿನೋದವನ್ನು ನಡೆಯಿಸುತ್ತಿರುವರೆಂಬುದು ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಒಬ್ಬಳು ಸಾಮಾನ್ಯ ಜ್ಞಾನದ ಪ್ರಶ್ನೆಯೊಂದನ್ನು ಹಾಕುವಳು. ಉಳಿದವರು ಪುಸ್ತಕವನ್ನಾಗಲಿ ಗೂಗಲನ್ನಾಗಲಿ ನೋಡದೆ ಉತ್ತರ ಹೇಳತಕ್ಕದ್ದು. ಯಾರ ಉತ್ತರವು ಸರಿಯೋ ಮುಂದಿನ ಪ್ರಶ್ನೆಯ ಸರದಿಯು ಅವಳದು. ಪಣವಿಲ್ಲ, ಬಹುಮಾನವಿಲ್ಲ. ಇದು ಹೊತ್ತುಗಳೆಯುವ ನೆಪವೆಂದು ಕೆಲವು ಪೋಷಕರು ನಮ್ಮೊಡನೆ ಆಕ್ಷೇಪಿಸಿದ್ದುಂಟು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಈಗ ನಮ್ಮ ಅಭಿಮತವು ಬೇರೆಯಾಗಿದೆ. ಅದು ಬೇರೆಯಾದ ಬಗೆಯು ನಮಗೆ ಸ್ವಲ್ಪ ನಾಚಿಕೆಯನ್ನುಂಟುಮಾಡುವುದಾದರೂ ಇಲ್ಲಿ ಅರಿಕೆಮಾಡುತ್ತೇವೆ.

ಬೆಂಗಳೂರಿಗೆ ಈ ಬಗೆಯ ಆಟವು ಹೊಸತೇನಲ್ಲ. 1983ರಲ್ಲಿ ಇಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಎಂಬ ಸಂಘವು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಳ್ಕಿಯವರು ಪ್ರಮುಖರು. ಅಲ್ಲಿ ಪ್ರಶ್ನೆ ಕೇಳುವವರು ಸಂಬಳದ ಪಂಡಿತರಲ್ಲ. ಇಂದು ಉತ್ತರ ಹೇಳಲು ಕುಳಿತ ಹವ್ಯಾಸಿಯೇ ಮತ್ತೊಂದು ದಿನ ಪ್ರಶ್ನೆಗಳನ್ನು ಹೆಣೆದು ತರುವನು. ಈ ಏರ್ಪಾಡು ನಮಗೆ ಬಹಳ ಮೆಚ್ಚಿಗೆ. ಆದರೆ ಅಲ್ಲಿಯ ವ್ಯವಹಾರವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕನ್ನಡದ ಮನೆಗಳೊಳಕ್ಕೆ ಈ ರುಚಿಯನ್ನು ತಂದುದು 2002ರಲ್ಲಿ ದೂರದರ್ಶನದ ಚಂದನದಲ್ಲಿ ಆರಂಭವಾದ 'ಥಟ್ ಅಂತ ಹೇಳಿ'. ಅದನ್ನು ನಡೆಯಿಸಿದ ಡಾ. ನಾ. ಸೋಮೇಶ್ವರರು ವೃತ್ತಿಯಿಂದ ವೈದ್ಯರು. ಸರಿಯುತ್ತರಕ್ಕೆ ಅವರು ಕೊಡಿಸುತ್ತಿದ್ದ ಬಹುಮಾನವು ಪುಸ್ತಕ. ರೊಕ್ಕದ ಬದಲು ಪುಸ್ತಕವನ್ನು ಗೆಲ್ಲಬಹುದೆಂಬುದನ್ನು ನಮ್ಮ ಎಷ್ಟೋ ಹುಡುಗಿಯರು ಮೊದಲು ಕಂಡದ್ದು ಅಲ್ಲಿ.

ಇನ್ನು ನಮ್ಮ ಸಂಗತಿ. ಒಂದು ಸಂಜೆ ಹಳೆಯ ವಿದ್ಯಾರ್ಥಿನಿಯರು ಬಲವಂತಪಡಿಸಿದ್ದರಿಂದ ನಾವೂ ಒಂದು ಪ್ರಶ್ನೆ ಹಾಕಿದೆವು: "ಬೆಂಗಳೂರಿನ ಅತಿ ಹಳೆಯ ಶಾಸನವು ಯಾವುದು?" ಬೇಗೂರಿನ ನಾಗೇಶ್ವರ ದೇವಾಲಯದ ಕಲ್ಲು, ಸುಮಾರು ಕ್ರಿ. ಶ. 890ರದು, ಬೆಂಗಳೂರಿನ ಕಾಳಗವನ್ನು ಹೇಳುವುದು. ಅದೇ ನಮ್ಮ ಮನಸ್ಸಿನಲ್ಲಿದ್ದ ಉತ್ತರ. ಹಲವರು ಅದನ್ನೇ ಬರೆದರು. ಆಗ ಒಬ್ಬಳು, ಇಲ್ಲಿಯೇ ಅಮೃತಹಳ್ಳಿಯಲ್ಲಿ ಹೊಲಿಗೆಯ ಅಂಗಡಿಯನ್ನಿಟ್ಟುಕೊಂಡಿರುವವಳು, ವಿನಯದಿಂದ ಕೇಳಿದಳು: "ಅಮ್ಮಾ, ಬೆಂಗಳೂರೆಂಬ ಹೆಸರು ಇರತಕ್ಕ ಶಾಸನವೋ, ಬೆಂಗಳೂರಿನಲ್ಲಿ ಇರತಕ್ಕ ಶಾಸನವೋ?" ನೆರೆಯ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು, ಬೇಗೂರಿನದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ಪ್ರಶ್ನೆಯೇ ತಪ್ಪಾಗಿತ್ತು. ನಾವು ಒಪ್ಪಿಕೊಂಡೆವು, ಸರದಿಯು ಅವಳಿಗೆ ಹೋಯಿತು.

ಅವಳು ಹಾಕಿದ ಪ್ರಶ್ನೆಯನ್ನು ಇಲ್ಲಿ ಕೊಡದೆ ಇರಲಾರೆವು: "ಹಳೆಗನ್ನಡದ ಪಕಾರವು ಮುಂದೆ ಹಕಾರವಾಯಿತೆಂದು ತರಗತಿಯಲ್ಲಿ ಕಲಿತೆವಷ್ಟೆ. ನಾವು ದಿನವೂ ಬಸ್ಸಿನ ಫಲಕದ ಮೇಲೆ ಓದುವ ಯಾವ ಊರಿನ ಹೆಸರು ಅದಕ್ಕೆ ಸಾಕ್ಷಿ?" ವೀರಗಲ್ಲಿನಲ್ಲಿ ಆ ನಾಡಿನ ಹೆಸರು ಪೆರ್ಬೊಳಲ್ ಎಂದಿದೆ, ಅಂದರೆ ದೊಡ್ಡ ಪೊಳಲು, ದೊಡ್ಡ ಪಟ್ಟಣ. ಅದೇ ಇಂದಿನ ಹೆಬ್ಬಾಳ. ಕಂಠಪಾಠವಿಲ್ಲದವಳೂ ಸ್ವಲ್ಪ ಯೋಚಿಸಿದರೆ ಈ ಉತ್ತರಕ್ಕೆ ಬಂದು ಮುಟ್ಟಬಹುದು. ಮುಟ್ಟಿದ ಮೇಲೆ ಆ ಬಸ್ಸಿನ ಫಲಕವು ಮೊದಲಿನಂತೆ ಕಾಣುವುದಿಲ್ಲ. ಯಾವ ಸಾಲಿನಲ್ಲಿ ಯಾರಿಗೆ ಯಾವ ಪದಕ ಬಂತೆಂಬ ಜಾತಿಯ ಪ್ರಶ್ನೆಗಳನ್ನು ನೂರು ಸೇರಿಸಿದರೂ ಈ ಒಂದಕ್ಕೆ ಸಾಟಿಯಾಗಲಾರವು.

ಮರುದಿನ ನಾವು ಹಳೆಯ ದಾಖಲೆಗಳನ್ನು ತೆಗೆಯಿಸಿ ನೋಡಿದೆವು. ಆ ಹುಡುಗಿಯ ಹೆಸರಿನ ಮುಂದೆ ನಮ್ಮ ಕೈಬರಹದಲ್ಲಿಯೇ ಇದ್ದುದು: "ಮಾತು ಕಡಮೆ, ಬುದ್ಧಿ ಸಾಧಾರಣ." ವ್ಯಾಕರಣದಲ್ಲಿ ಅವಳಿಗೆ ಬಂದಿದ್ದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ. ಹತ್ತನೆಯ ತರಗತಿಯ ತರುವಾಯ ಅವಳ ಓದು ನಿಂತಿತು. ಮುಂದೆ ಓದಿಸಬೇಕೆಂದು ಅವಳ ತಂದೆಯವರಿಗೆ ನಾವು ಹೇಳಲಿಲ್ಲ. ಹೇಳಬೇಕೆಂದು ಆಗ ತೋರಲೂ ಇಲ್ಲ.

ಹತ್ತು ವರ್ಷ ಕಾಲ ನಾವು ಹುಡುಗಿಯರಿಂದ ಉತ್ತರಗಳನ್ನೇ ಕೇಳುತ್ತೇವೆ; ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಬಾ ಎಂದು ಒಂದು ದಿನವಾದರೂ ಹೇಳುವುದಿಲ್ಲ. ಮನೆಗಳಲ್ಲಂತೂ ಪ್ರಶ್ನೆ ಕೇಳುವ ಹೆಣ್ಣಿಗೆ ಬಾಯಿಬಡುಕಿಯೆಂಬ ಬಿರುದು ಸಿದ್ಧವಾಗಿಯೇ ಇರುವುದು. (ಶೆಬದ ರಾಣಿಯು ಸೊಲೊಮೋನನನ್ನು ಕಾಣಹೋದದ್ದು ಕಠಿಣ ಪ್ರಶ್ನೆಗಳಿಂದ ಅವನನ್ನು ಪರೀಕ್ಷಿಸುವುದಕ್ಕೆ. ಅವನ ಜ್ಞಾನವನ್ನು ಹೊಗಳುವ ನಾವು ಅವಳ ಪ್ರಶ್ನೆಗಳ ಮಾತೆತ್ತುವುದು ಅಪರೂಪ.) ಉತ್ತರ ಹೇಳುವವಳಿಗೆ ಒಂದು ಸಂಗತಿ ತಿಳಿದಿದ್ದರೆ ಸಾಕು. ಪ್ರಶ್ನೆ ಹಾಕುವವಳಾದರೋ ಆ ಸಂಗತಿಯ ಸುತ್ತಮುತ್ತಲನ್ನೆಲ್ಲ ನೋಡಿ, ಬೇರೆ ಉತ್ತರಕ್ಕೆ ಎಡೆಯುಂಟೋ ಎಂದು ಶೋಧಿಸಿ, ಕೇಳುವವರ ಮನಸ್ಸನ್ನೂ ಊಹಿಸಬೇಕು. ನಾವು ಇಪ್ಪತ್ತು ವರ್ಷ ಪ್ರಶ್ನಪತ್ರಿಕೆಗಳನ್ನು ಬರೆದೂ ಎಡವಿದೆವಲ್ಲ!

ಮೊಬೈಲಿನಲ್ಲಿ ಮುಳುಗಿರುವ ಮಕ್ಕಳ ಬಗ್ಗೆ ಪೋಷಕರಿಗಿರುವ ಕಳವಳವು ನಮಗೂ ಉಂಟು. ಗೂಗಲಿನಿಂದ ಉತ್ತರವನ್ನು ಕದ್ದು ತರುವವರೂ ಇಲ್ಲದಿಲ್ಲ. ಅಂಥವರು ಬೇಗನೆ ಬೇಸತ್ತು ಬಿಟ್ಟುಹೋಗುವುದನ್ನು ಕಂಡಿದ್ದೇವೆ, ಏಕೆಂದರೆ ಕದ್ದ ಉತ್ತರಕ್ಕೆ ದೊರೆಯುವ ಸಂಭಾವನೆಯು ಹೊಸ ಪ್ರಶ್ನೆಯನ್ನು ಕಟ್ಟುವ ಶ್ರಮವೊಂದೇ.

ಆದುದರಿಂದ ಮುಂದಿನ ತಿಂಗಳಿನಿಂದ ಶುಕ್ರವಾರದ ಕಡೆಯ ಅವಧಿಯನ್ನು ಎಂಟು, ಒಂಬತ್ತನೆಯ ತರಗತಿಗಳಿಗೆ ಇದಕ್ಕಾಗಿ ಬಿಟ್ಟುಕೊಡಲು ನಿಶ್ಚಯಿಸಿದ್ದೇವೆ. ಹುಡುಗಿಯರು ಪ್ರಶ್ನೆ ತರುವರು, ಉಪಾಧ್ಯಾಯಿನಿಯರು ಉತ್ತರಿಸುವರು. ವಾರಕ್ಕೊಬ್ಬ ಹಳೆಯ ವಿದ್ಯಾರ್ಥಿನಿಯು ಬಂದು ಪ್ರಶ್ನೆಗಳ ಸರಿತಪ್ಪು ನೋಡಬೇಕೆಂದು ಅಪೇಕ್ಷಿಸುತ್ತೇವೆ. ಮೊದಲ ವಾರಕ್ಕೆ ನಮ್ಮ ಹೊಲಿಗೆಯವಳನ್ನೇ ಕರೆದಿದ್ದೇವೆ. ಅಂದು ಮಧ್ಯಾಹ್ನ ಮೂರಕ್ಕೆ ಅಂಗಡಿಯನ್ನು ಮುಚ್ಚಿ ಬರುವೆನೆಂದು ಒಪ್ಪಿಕೊಂಡಿದ್ದಾಳೆ.