ಒಂದು ತಿಂಗಳ ಓದು

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಆದರೆ ದೇಶ ಸುತ್ತಲು ಹೊರಟವನು ಪ್ರತಿ ಸಲವೂ ಒಂದೇ ಊರಿಗೆ ಹೋಗಿ ಬಂದರೆ ಅದನ್ನು ದೇಶಸಂಚಾರವೆಂದು ಯಾರೂ ಕರೆಯುವುದಿಲ್ಲ. ಕೋಶ ಓದುವವನ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಪತ್ತೇದಾರಿ ಕಾದಂಬರಿಯ ಹುಚ್ಚು ಹತ್ತಿದವನು ಬೇರೊಂದನ್ನು ಮುಟ್ಟುವುದಿಲ್ಲ. ಐತಿಹಾಸಿಕ ಕಾದಂಬರಿಗೆ ಮನಸೋತವನಿಗೆ ಕೋಟೆ ಕೊತ್ತಲಗಳಿಲ್ಲದ ಕಥೆ ಸಪ್ಪೆಯೆನಿಸುತ್ತದೆ. ರುಚಿಯಿರುವುದು ತಪ್ಪಲ್ಲ. ಆದರೆ ಒಂದೇ ಬಗೆಯ ಕಥೆಯನ್ನು ಓದುತ್ತ ಹೋದವನು ತನಗೆ ಅರಿವಿಲ್ಲದೆಯೇ ಒಂದೇ ಬಗೆಯ ಪ್ರಶ್ನೆಯನ್ನು ಕೇಳುವುದಕ್ಕೆ ಕಲಿಯುತ್ತಾನೆ. ಬದುಕು ಆ ಒಂದು ಪ್ರಶ್ನೆಗೆ ಸಿಕ್ಕುವಷ್ಟು ಸರಳವಾದುದಲ್ಲ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬೇಸಗೆಯ ರಜೆಯ ಒಂದು ತಿಂಗಳಲ್ಲಿ ಐದು ಬಗೆಯ ಐದು ಕನ್ನಡ ಕಾದಂಬರಿಗಳನ್ನು ಓದಿದಳೆಂದು ಇಟ್ಟುಕೊಳ್ಳಬಹುದು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ನಾಡಿನ ಜನರು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಸಲ್ಲಿಸುತ್ತಾರೆ. ಗ್ರಂಥಾಲಯದ ಕಪಾಟಿನಲ್ಲಿರುವ ಪುಸ್ತಕ ಜನರದೇ ಹಣದಿಂದ ಬಂದುದು. ಅದನ್ನು ಓದದೆ ಬಿಡುವುದೇ ನಷ್ಟ. ತಿಂಗಳು ಮುಗಿದ ಮೇಲೆ ಅವಳು ತನ್ನ ಓದಿನತ್ತ ಹಿಂತಿರುಗಿ ನೋಡಿದರೆ ಕಾಣುವುದೇನು ಎಂಬುದು ಇಲ್ಲಿ ವಿಚಾರಮಾಡತಕ್ಕ ಸಂಗತಿ.

ಮೊದಲನೆಯದು ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿ. ಶಾಲೆಯ ಓದು ಪ್ರಾಥಮಿಕ ಹಂತದಲ್ಲಿಯೇ ನಿಂತುಹೋದರೂ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಜನಸಾಮಾನ್ಯರಿಗೆ ಓದಿನ ಹವ್ಯಾಸವನ್ನು ಹಿಡಿಸಿದವರು ಅವರು. ‘ಪತ್ತೇದಾರ ಪುರುಷೋತ್ತಮ’ ಎಂಬುದು ಒಂದು ಕಾಲಕ್ಕೆ ಮನೆಮಾತಾಗಿದ್ದ ಹೆಸರು. ಇಂತಹ ಕಥೆಗಳನ್ನು ಹಗುರವೆಂದು ತಳ್ಳಿಹಾಕುವ ವಿದ್ವಾಂಸರುಂಟು. ಆ ತೀರ್ಮಾನ ಪೂರ್ತಿ ನ್ಯಾಯವಾದುದಲ್ಲ. ಗಾಳಿಮಾತನ್ನು ನಂಬದೆ ಕುರುಹನ್ನು ಹುಡುಕಬೇಕೆಂಬುದನ್ನು ಒಳ್ಳೆಯ ಪತ್ತೇದಾರಿ ಕಥೆ ಕಲಿಸುತ್ತದೆ. ಮೊದಲು ಯಾರ ಮೇಲೆ ಸಂಶಯ ಬೀಳುತ್ತದೆಯೋ ಅವನು ಎಷ್ಟೋ ವೇಳೆ ನಿರಪರಾಧಿಯಾಗಿರುತ್ತಾನೆ ಎಂಬುದು ಸಣ್ಣ ಪಾಠವಲ್ಲ. ಆದರೆ ಅದು ಕೇಳುವ ಪ್ರಶ್ನೆ ಒಂದೇ: ‘ಮಾಡಿದವನು ಯಾರು?’ ಕೊನೆಯ ಪುಟಗಳಲ್ಲಿ ಅಪರಾಧಿ ಸಿಕ್ಕುತ್ತಾನೆ. ಓದುಗನು ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಾನೆ.

ಅದೇ ಪ್ರಶ್ನೆಯನ್ನು ಹಿಡಿದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ವನ್ನು ತೆರೆದರೆ ಅದು ಸಾಲದಾಗುತ್ತದೆ. 1956ರಲ್ಲಿ ಪ್ರಕಟವಾದ ಈ ಐತಿಹಾಸಿಕ ಕಾದಂಬರಿ ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಕೊಡಗು ಆಂಗ್ಲರ ವಶವಾಯಿತು. ರಾಜ್ಯವನ್ನು ಕಳೆದವರು ಯಾರು? ಕುಡಿತ ಕ್ರೌರ್ಯಗಳಲ್ಲಿ ಮುಳುಗಿದ ಅರಸನೇ? ಅವನ ದುರ್ಗುಣಗಳಿಗೆ ಒತ್ತಾಸೆಯಾಗಿ ನಿಂತ ಕುಂಟ ಬಸವನೇ? ಅರಸನ ವರ್ತನೆಯಿಂದ ಬೇಸತ್ತ ಮಂತ್ರಿ ಬೋಪಣ್ಣನೇ? ಸಮಯ ಕಾದು ಕುಳಿತ ಆಂಗ್ಲರೇ? ಪ್ರತಿಯೊಬ್ಬರ ಪಾಲೂ ಅದರಲ್ಲಿದೆ. ಗಂಡನನ್ನೂ ನಾಡನ್ನೂ ಉಳಿಸಿಕೊಳ್ಳಲು ಹೆಣಗಿದ ರಾಣಿ ಗೌರಮ್ಮನ ಒಳ್ಳೆಯತನ ಕೂಡ ಆ ಪತನವನ್ನು ತಡೆಯಲಾರದೆ ಹೋಯಿತು. ‘ಯಾರು’ ಎಂಬ ಪ್ರಶ್ನೆ ಇಲ್ಲಿ ‘ಹೇಗೆ’ ಎಂದು ಬದಲಾಗುತ್ತದೆ.

ಮೂರನೆಯದು ಶಿವರಾಮ ಕಾರಂತರು 1933ರಲ್ಲಿ ಹೊರತಂದ ‘ಚೋಮನ ದುಡಿ’, ಒಂದು ಸಾಮಾಜಿಕ ಕಾದಂಬರಿ. ಅಸ್ಪೃಶ್ಯನೆನಿಸಿಕೊಂಡ ಚೋಮನಿಗೆ ತಾನೂ ಒಂದು ತುಂಡು ನೆಲವನ್ನು ಸ್ವಂತವಾಗಿ ಬೇಸಾಯ ಮಾಡಬೇಕೆಂಬ ಹಂಬಲ. ಅವನಲ್ಲಿ ಎತ್ತುಗಳಿವೆ, ನೆಲವಿಲ್ಲ. ಅವನ ಜಾತಿಯವರು ಬೇಸಾಯಗಾರರಾಗಕೂಡದೆಂಬ ಕಟ್ಟಳೆ ಅಡ್ಡ ನಿಂತಿದೆ. ಮಗನೊಬ್ಬನು ನೀರಿನಲ್ಲಿ ಮುಳುಗುತ್ತಿರುವಾಗಲೂ ಮೈಲಿಗೆಯ ಭಯದಿಂದ ದಡದ ಮೇಲಿನ ಜನರು ಅವನನ್ನು ಎತ್ತುವುದಿಲ್ಲ. ಇಲ್ಲಿ ಕೈಯಲ್ಲಿ ಆಯುಧ ಹಿಡಿದ ಕೊಲೆಗಾರನಿಲ್ಲ; ಪತ್ತೇದಾರನು ಬಂದರೂ ಯಾರ ಕೈಗೂ ಬೇಡಿ ತೊಡಿಸಲಾರ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದುದು 1950ರಲ್ಲಿ. ಅದಕ್ಕೆ 17 ವರ್ಷ ಮೊದಲೇ ಈ ಕಾದಂಬರಿ ‘ನೋಡುತ್ತ ನಿಂತವರು ಯಾರು?’ ಎಂದು ಕೇಳಿತ್ತು.

ನಾಲ್ಕನೆಯದು ತ್ರಿವೇಣಿಯವರ ‘ಶರಪಂಜರ’. ಮೂವತ್ತೈದು ವರ್ಷ ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡ ಈ ಲೇಖಕಿ ಮನಸ್ಸಿನ ಒಳತೋಟಿಯನ್ನು ಕಾದಂಬರಿಯ ವಸ್ತುವನ್ನಾಗಿ ಮಾಡಿದವರಲ್ಲಿ ಪ್ರಮುಖರು. ಬಾಣಂತನದ ಬಳಿಕ ಕಾವೇರಿಯ ಮನಸ್ಸು ಅಸ್ವಸ್ಥವಾಗುತ್ತದೆ. ಚಿಕಿತ್ಸೆಯಿಂದ ಗುಣಹೊಂದಿ ಅವಳು ಮನೆಗೆ ಮರಳುತ್ತಾಳೆ. ಆದರೆ ಮನೆಯವರ ಸಂಶಯ ಗುಣವಾಗಿರುವುದಿಲ್ಲ. ಅವಳ ಸಹಜವಾದ ನಡೆನುಡಿಯೂ ಹಳೆಯ ಕಾಯಿಲೆಯ ಕುರುಹಾಗಿ ಅವರಿಗೆ ತೋರುತ್ತದೆ. ಸುತ್ತಲಿನ ಕಣ್ಣುಗಳೇ ಬಾಣಗಳಾಗಿ, ಆ ಬಾಣಗಳೇ ಪಂಜರವಾಗುತ್ತವೆ. ‘ಆ ಸ್ಥಾನದಲ್ಲಿ ನಿಂತವಳಿಗೆ ಏನನ್ನಿಸುತ್ತದೆ?’ ಎಂಬುದು ಈ ಕಾದಂಬರಿಯ ಪ್ರಶ್ನೆ.

ಐದನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ವಿಜ್ಞಾನವೂ ಕಾಡೂ ಕಥೆಯ ಪಾತ್ರಗಳಾಗಿವೆ. ಜೀವವಿಕಾಸದ ರಹಸ್ಯವನ್ನು ಒಡಲಲ್ಲಿಟ್ಟುಕೊಂಡ ಹಾರುವ ಓತಿಯೊಂದನ್ನು ಹುಡುಕಿ ಒಂದು ತಂಡ ಪಶ್ಚಿಮಘಟ್ಟದ ಕಾಡನ್ನು ಹೊಗುತ್ತದೆ. ಜನ ಕೆಲಸಕ್ಕೆ ಬಾರದವನೆಂದುಕೊಂಡಿದ್ದ, ಜೇನು ಹಿಡಿಯುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಇಲ್ಲಿಯೂ ಹುಡುಕಾಟವಿದೆ, ಆದರೆ ಹಿಡಿಯುವ ಅಪರಾಧಿ ಇಲ್ಲ. ಓತಿಯೂ ಕೊನೆಗೆ ಕೈಗೆ ಸಿಕ್ಕದೆ ಹೋಗುತ್ತದೆ. ‘ಇನ್ನೂ ತಿಳಿಯದೆ ಉಳಿದಿರುವುದೇನು?’ ಎಂಬ ಬೆರಗು ಮಾತ್ರ ಓದುಗನಲ್ಲಿ ಉಳಿಯುತ್ತದೆ.

ಹೀಗೆ ಒಂದು ತಿಂಗಳಲ್ಲಿ ಐದು ಕಥೆಗಳಷ್ಟೇ ಅಲ್ಲ, ಐದು ಪ್ರಶ್ನೆಗಳೂ ಆ ವಿದ್ಯಾರ್ಥಿನಿಯ ಪಾಲಿಗೆ ಬಂದುವು. ಇವು ಪುಸ್ತಕದೊಳಗೇ ಉಳಿದರೆ ಓದಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ತರಗತಿಯಲ್ಲಿ ಒಬ್ಬರ ಲೇಖನಿ ಕಳೆದುಹೋದಾಗ ಎಲ್ಲರ ಕಣ್ಣೂ ಹರಿದ ಅಂಗಿಯ ಹುಡುಗನ ಮೇಲೆ ಬೀಳುವುದುಂಟು. ಕುರುಹು ಎಲ್ಲಿದೆ ಎಂದು ಅಲ್ಲಿ ಕೇಳಬೇಕು. ಅದನ್ನು ಪತ್ತೇದಾರಿ ಕಥೆ ಕಲಿಸಿದೆ. ಅವನೇ ತೆಗೆದಿದ್ದರೂ ಅವನು ಆ ಸ್ಥಿತಿಗೆ ಬಂದುದು ಹೇಗೆ ಎಂದು ಕೇಳಬೇಕು. ಎಲ್ಲರೂ ಸೇರಿ ಅವನನ್ನು ಹೀಯಾಳಿಸುವಾಗ ಅವನಿಗೆ ಏನನ್ನಿಸುತ್ತದೆ ಎಂದು ಕೇಳಬೇಕು. ಅದನ್ನು ನೋಡುತ್ತ ಸುಮ್ಮನೆ ನಿಂತವರು ಯಾರೆಂದೂ ಕೇಳಬೇಕು. ಅವನಲ್ಲಿ ಇನ್ನೂ ಯಾರ ಕಣ್ಣಿಗೂ ಬೀಳದ ಗುಣವೇನಿದೆಯೋ ಎಂಬ ಕುತೂಹಲವೂ ಇರಬೇಕು. ಈ ಐದರಲ್ಲಿ ಒಂದನ್ನು ಮಾತ್ರ ಬಲ್ಲವನು ಬೇಗ ತೀರ್ಪು ಕೊಡುತ್ತಾನೆ. ಐದನ್ನೂ ಬಲ್ಲವನು ತುಸು ತಡೆಯುತ್ತಾನೆ. ಆ ತುಸು ಹೊತ್ತಿನಲ್ಲಿ ಒಬ್ಬನ ಮಾನ ಉಳಿಯಬಹುದು.

ಹೀಗೆ ಎಲ್ಲರನ್ನೂ ಅರ್ಥಮಾಡಿಕೊಳ್ಳುತ್ತ ಹೋದರೆ ತಪ್ಪಿತಸ್ಥರೇ ಇಲ್ಲವಾಗುವರಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಹಾಗಾಗುವುದಿಲ್ಲ. ‘ಚೋಮನ ದುಡಿ’ಯನ್ನು ಓದಿದವನಿಗೆ ತಪ್ಪು ಕಿರಿದಾಗಿ ಕಾಣುವುದಿಲ್ಲ, ಹಿರಿದಾಗಿಯೇ ಕಾಣುತ್ತದೆ. ಅಪರಾಧಿಗಳ ಸಾಲಿನಲ್ಲಿ ದಡದ ಮೇಲೆ ನಿಂತವರೂ ಸೇರುತ್ತಾರೆ. ಓದುಗನು ಆ ಸಾಲಿನಲ್ಲಿ ತನ್ನ ಮುಖವನ್ನೂ ಒಮ್ಮೆ ಹುಡುಕಿಕೊಳ್ಳುತ್ತಾನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಗೆಬಗೆಯ ಪುಸ್ತಕಗಳನ್ನು ಓದಬೇಕೆಂದರೆ ಲೆಕ್ಕ ಹೆಚ್ಚಿಸಲು ಓದಬೇಕೆಂದಲ್ಲ. ಪುಟಗಳನ್ನು ಓಡಿಸಿ ಐವತ್ತು ಪುಸ್ತಕ ಮುಗಿಸಿದವನಿಗಿಂತ, ಐದನ್ನು ಓದಿ ತಿಂಗಳ ಕೊನೆಗೆ ಅವುಗಳ ವಿಷಯ ಒಂದು ದಿನ ಯೋಚಿಸಿದವನು ಹೆಚ್ಚು ಓದಿದವನು. ಪ್ರತಿಯೊಂದು ಪುಸ್ತಕ ಮುಗಿದಾಗಲೂ ಅದು ಎತ್ತಿದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಕಥೆ ಕ್ರಮೇಣ ಮರೆತುಹೋಗಬಹುದು. ಬರೆದಿಟ್ಟ ಪ್ರಶ್ನೆ ಮುಂದೆ ಎಂದಾದರೂ, ಮನೆಯಲ್ಲಿಯೋ ಬೀದಿಯಲ್ಲಿಯೋ, ಬೇಕಾದ ಹೊತ್ತಿಗೆ ನೆನಪಿಗೆ ಬರುತ್ತದೆ.